ಕೋಳಿ ಎಮ್ಮೆಲ್ಲೆಯ ಕುರಿಗಳು

ಪೀರ್ ಸಾಬ್‌ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಚಳ್ಳಕೆರೆಗೆಲ್ಲ ಗೊತ್ತಿರುವ ಸಂಗತಿ. ಅವನ ಗ್ಯಾರೇಜಿಗೆ ಬ್ರೇಕ್ ಸರಿ ಮಾಡಿಸಲು ಹೋದವರು ಬ್ರೇಕಿನ ಜೊತೆಗೆ ಊರಿನ ಅರ್ಧ ಸುದ್ದಿಯನ್ನೂ ಹೊತ್ತುಕೊಂಡು ಬರುತ್ತಾರೆ. ಅಂಥ ಮನುಷ್ಯ ಒಂದು ಗುಟ್ಟನ್ನು ವರ್ಷಗಟ್ಟಲೆ ನುಂಗಿಕೊಂಡಿದ್ದ ಎಂದರೆ ಯಾರು ನಂಬುತ್ತಾರೆ? ಆದರೆ ನುಂಗಿಕೊಂಡಿದ್ದ. ಅದರಲ್ಲೂ ಈ ಸಲದ ಪಂಚಾಯಿತಿ ಎಲೆಕ್ಷನ್ನಿನಲ್ಲಿ, ಕೈಯಲ್ಲಿ ಮೈಕು ಹಿಡಿದುಕೊಂಡು, ಬಾಯಿಗೆ ಬೀಗ ಹಾಕಿಕೊಂಡಿದ್ದನಲ್ಲ, ಆ ಸಂಕಟ ಶತ್ರುವಿಗೂ ಬೇಡ.

ಗುಟ್ಟು ಸೂರಮ್ಮನಿಗೆ ಸಂಬಂಧಿಸಿದ್ದು. ಸೂರಮ್ಮ ಮಾಜಿ ಶಾಸಕಿ. ಒಂದೇ ಅವಧಿ ಗೆದ್ದವಳು. ಆ ಅವಧಿಯಲ್ಲಿ ಅವಳ ಜೀಪು ಓಡಿಸಿದವನು ಪೀರ್ ಸಾಬ್, ಗೆಲ್ಲುವ ಮೊದಲು ಅದೇ ಜೀಪಿನ ಮೇಲೆ ಮೈಕು ಕಟ್ಟಿ ಕೂಗಿದವನೂ ಅವನೇ, ಸೋತ ಮೇಲೆ ಸುಮ್ಮನೆ ಮನೆಗೆ ಬಿಟ್ಟುಬಂದವನೂ ಅವನೇ.

ಅವಳು ಶಾಸಕಿಯಾದದ್ದೇ ಒಂದು ತಮಾಷೆ. ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದ ಆಚೆ ಕರೇಬಂಡೆ ಹಟ್ಟಿ ಅಂತ ಒಂದಿದೆ. ಮ್ಯಾಸನಾಯಕರ ಹಟ್ಟಿ. ಸೂರಮ್ಮ ಅಲ್ಲಿಯ ಮಗಳು, ಅಲ್ಲಿಯ ಅಂಗನವಾಡಿ ಟೀಚರು. ಒಂದು ಬೇಸಿಗೆಯಲ್ಲಿ ನೀರಿಲ್ಲದೆ ಕಂಗೆಟ್ಟ ಹೆಂಗಸರನ್ನು ಕರೆದುಕೊಂಡು, ಖಾಲಿ ಕೊಡ ಇಟ್ಟು, ದೇವಸಮುದ್ರದ ರಸ್ತೆಯಲ್ಲಿ ಕೂತುಬಿಟ್ಟಳು. ಬಸ್ಸು ನಿಂತವು, ಲಾರಿ ನಿಂತವು. ಸಾಹೇಬರು ಬಂದು, "ಎದ್ದೇಳಮ್ಮ, ನಾಳೆ ನೀರು ಬಿಡಿಸ್ತೀವಿ" ಅಂದರೆ, "ನಾಳೆವರೆಗೂ ಕೂತಿರ್ತೀವಿ ಬಿಡ್ರಿ, ನಮಗೇನು ಅವಸರ ಇಲ್ಲ" ಅಂದಳು. ನೀರು ಅವತ್ತೇ ಬಂತು. ಮುಂದಿನ ವರ್ಷ ಚುನಾವಣೆ. ಪಕ್ಷದ ಇಬ್ಬರು ದೊಡ್ಡವರು ಒಬ್ಬರ ಕಾಲನ್ನು ಇನ್ನೊಬ್ಬರು ಎಳೆದೂ ಎಳೆದೂ ಸುಸ್ತಾಗಿ, ಇಬ್ಬರಿಗೂ ಬೇಡವಾದ ಸೂರಮ್ಮನಿಗೆ ಟಿಕೆಟ್ ಕೊಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ; ಇಲ್ಲಿ ಕೂಸು ಗೆದ್ದೇಬಿಟ್ಟಿತು!

ಆ ದಿನಗಳನ್ನು ಹೇಳುವಾಗ ಪೀರ್ ಸಾಬ್‌ನ ಕೈ ಇವತ್ತಿಗೂ ಸ್ಟಿಯರಿಂಗ್ ಹಿಡಿದಂತೆ ಗಾಳಿಯಲ್ಲಿ ತಿರುಗುತ್ತದೆ. "ಅಕ್ಕೋರು ವಿಧಾನಸೌಧದಾಗೆ ಮಾತಾಡಕ್ಕೆ ಎದ್ದು ನಿಂತ್ರಪ್ಪಾ, ನಾನು ಹೊರಗಡೆ ಜೀಪಿನ ಹತ್ರ ನಿಂತು ನಡುಗ್ತಿದ್ದೆ, ನಾನೇ ಮಾತಾಡಬೇಕೇನೋ ಅನ್ನಂಗೆ!" ಅವಳನ್ನು ಅವನು ಅಕ್ಕೋರೆ ಎಂದೇ ಕರೆಯುವುದು, ಟೀಚರಾಗಿದ್ದವಳಲ್ಲವೇ. ಅವಳಿಗೆ ಅವನು ಪೀರಣ್ಣ. ಹಟ್ಟಿಗೆ ಡಾಂಬರು ರಸ್ತೆ ಬಂತು, ಬಸ್ಸು ಬಂತು, ಹೆಣ್ಣುಮಕ್ಕಳ ಹಾಸ್ಟೆಲ್ಲು ಬಂತು. ಜೀಪು ಹಟ್ಟಿಯ ಬೇವಿನ ಮರದ ಹತ್ತಿರ ನಿಂತರೆ ದುರುಗಕ್ಕ, ಅಂದರೆ ಸೂರಮ್ಮನನ್ನು ಎತ್ತಿ ಆಡಿಸಿದ ದೊಡ್ಡವ್ವ, ಒಳಗಿನಿಂದಲೇ ತೆಲುಗಿನಲ್ಲಿ ಕೂಗುವಳು: "ಲೋಪಲಿಕಿ ರಾವೇ, ಸೂರೀ!" ಒಳಗೆ ಬಾರೇ ಅಂತ. ಹಟ್ಟಿಯವರ ಮನೆಮಾತು ತೆಲುಗು. ಕನ್ನಡ ಏನಿದ್ದರೂ ಆಫೀಸಿನವರಿಗೆ, ಕಂಡಕ್ಟರಿಗೆ, ಹೊರಗಿನವರಿಗೆ. ಶಾಸಕಿ ಒಳಗೆ ಹೋಗಿ ನೆಲದ ಮೇಲೆ ಕೂತು ಮುದ್ದೆ ಮುರಿಯುವಳು.

ಆಮೇಲೆ ಬಂತು ನೋಡಿ ಕೋಳಿ.

ಮ್ಯಾಸನಾಯಕರ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕುರಿ ಸಾಕುತ್ತಾರೆ, ಮೇಕೆ ಸಾಕುತ್ತಾರೆ, ದೇವರ ಎತ್ತುಗಳನ್ನಂತೂ ತಲೆಯ ಮೇಲೆ ಹೊತ್ತು ಸಾಕುತ್ತಾರೆ. ಆದರೆ ಕೋಳಿ ಮಾತ್ರ ಬಿಲ್‌ಕುಲ್ ಇಲ್ಲ. ತಿನ್ನುವುದಿರಲಿ, ಕಟ್ಟುಕಟ್ಟಳೆ ಬಿಗಿಯಾಗಿರುವ ಹಟ್ಟಿಗಳಲ್ಲಿ ಕೋಳಿ ಒಳಗೆ ಕಾಲಿಡುವಂತಿಲ್ಲ. ಕರೇಬಂಡೆ ಹಟ್ಟಿ ಬಿಗಿ ಅಂದರೆ ಬಿಗಿ. ಅಲ್ಲಿ ಬೆಳಗಾಗುವುದು ಹುಂಜ ಕೂಗಿ ಅಲ್ಲ, ದುರುಗಕ್ಕ ಕೂಗಿ.

ಬೆಂಗಳೂರಿನಲ್ಲಿ ಶಾಸಕಿಯ ಮುಂದೆ ಒಂದು ದಿನ ಕಾಗದದ ಕಟ್ಟು ಬಂತು. ಬುಡಕಟ್ಟು ಮಹಿಳೆಯರಿಗೆ ಸ್ವಾವಲಂಬನೆ, ಅಂಥದ್ದೇನೋ ಒಂದು ಯೋಜನೆ. ಊರುಗಳ ಹೆಸರಿನಲ್ಲಿ ತನ್ನ ಹಟ್ಟಿಯ ಹೆಸರು ಕಂಡಿತು. ತವರಿನ ಹೆಸರು ಕಂಡ ಹೆಣ್ಣುಮಗಳಿಗೆ ಮುಂದಿನ ಸಾಲು ಕಾಣುತ್ತದೆಯೇ? ಮನೆಗೆ ಏನು ಕೊಡುತ್ತಾರೆ ಎಂದು ಓದದೆ ಸಹಿ ಹಾಕಿದಳು. ಕುರಿಯೋ ಹೊಲಿಗೆ ಮಿಷನ್ನೋ ಇರಬೇಕು ಅಂದುಕೊಂಡಳಂತೆ.

ಹಂಚುವ ದಿನ ಬೇವಿನ ಮರಕ್ಕೆ ಶಾಮಿಯಾನ ಕಟ್ಟಿದ್ದರು. ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಹೊಸ ಸೀರೆ ಉಟ್ಟು ಸಾಲಾಗಿ ಕೂತಿದ್ದರು. ಗುಡಿಯ ಪೂಜಾರಿ ಜೋಗಪ್ಪ ಹಾರ ಹಿಡಿದು ನಿಂತಿದ್ದ. ಲಾರಿ ಬಂತು, ಹಿಂದಿನ ಬಾಗಿಲು ತೆರೆದರು. ಒಳಗಿಂದ ಚಿಂವ್ ಚಿಂವ್ ಚಿಂವ್! ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆ ತುಂಬ ಗಿರಿರಾಜ ಕೋಳಿಮರಿ, ಪ್ರತಿಯೊಂದು ಪೆಟ್ಟಿಗೆಯ ಮೇಲೂ ಕೈಮುಗಿದು ನಗುತ್ತಿರುವ ಸೂರಮ್ಮನ ಫೋಟೋ!

ಲಾರಿಯ ಹುಡುಗರು ಎರಡು ಪೆಟ್ಟಿಗೆಯನ್ನು ಇಳಿಸುತ್ತಲೇ ಒಂದು ಕೆಳಗೆ ಬಿದ್ದು ಒಡೆಯಿತು. ಮರಿಗಳು ದಿಕ್ಕಾಪಾಲಾಗಿ ಓಡಿದವು. ಕೆಲವು ಶಾಮಿಯಾನದೊಳಗೆ, ಕೆಲವು ಹೆಂಗಸರ ಸೀರೆಯ ನೆರಿಗೆಯೊಳಗೆ, ಒಂದು ನೆಟ್ಟಗೆ ಗುಡಿಯ ಮೆಟ್ಟಿಲಿಗೆ. ಜೋಗಪ್ಪನ ಕೈಯಿಂದ ಹಾರ ಜಾರಿತು. ಹೆಂಗಸರು ಚೀರಿಕೊಂಡು ಎದ್ದರು. ಹಟ್ಟಿಯವರು ಯಾರೂ ಮುಟ್ಟುವಂತಿಲ್ಲ, ಲಾರಿಯವರು ಉಳಿದ ಪೆಟ್ಟಿಗೆಗಳನ್ನೂ ಇಳಿಸಿದರು, ಒಂದನ್ನೂ ಮತ್ತೆ ತುಂಬುವುದಿಲ್ಲ ಅಂದರು. ಪೀರ್ ಸಾಬ್ ಲುಂಗಿ ಎತ್ತಿ ಕಟ್ಟಿ ಮರಿಗಳ ಹಿಂದೆ ಬಿದ್ದ. ಅವನ ಹಿಂದೆಯೇ ಶಾಸಕಿಯೂ ಸೆರಗು ಸಿಕ್ಕಿಸಿಕೊಂಡು ಬಿದ್ದಳು. ಅದೇ ತಪ್ಪಾಯಿತು. ಗುಡಿಯ ಮೆಟ್ಟಿಲ ಮೇಲೆ ಎರಡು ಕೈಯಲ್ಲಿ ಎರಡು ಕೋಳಿಮರಿ ಹಿಡಿದು ನಿಂತ ಸೂರಮ್ಮನನ್ನು ಹಟ್ಟಿ ಕಣ್ಣು ತುಂಬ ನೋಡಿತು. ಮರುದಿನ ಗುಡಿ ತೊಳೆದರು, ಮನೆಮನೆ ಸಾರಿಸಿದರು.

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು. ಕ್ಷೇತ್ರದಲ್ಲಿ ಸೋತದ್ದಕ್ಕೆ ನೂರು ಕಾರಣ ಇರಬಹುದು, ಆದರೆ ಹಟ್ಟಿಯ ಬೂತಿನಲ್ಲಿ ಸೋತದ್ದಕ್ಕೆ ಒಂದೇ ಕಾರಣ. ಅವಳಿಗೆ 'ಕೋಳಿ ಎಮ್ಮೆಲ್ಲೆ' ಎಂಬ ಹೆಸರು ಅಂಟಿಕೊಂಡಿತು. ಅಂಟಿದ ಹೆಸರು ಬಿಡಿಸಲಿಕ್ಕೆ ಯಾವ ಸೀಮೆಎಣ್ಣೆಯೂ ಇಲ್ಲ. ಹೆಸರಿಗಿಂತ ಹೆಚ್ಚು ಅವಳನ್ನು ಸುಟ್ಟದ್ದು ಒಂದು ಕುರ್ಚಿ. ಸೋತ ಮೇಲೆ ಹಟ್ಟಿಗೆ ಹೋದಳು. ಯಾರೂ ಬೈಯಲಿಲ್ಲ. ಬೇವಿನ ಮರದ ಕೆಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ದುರುಗಕ್ಕ ಕನ್ನಡದಲ್ಲಿ, "ಕುಂದರ್ರಿ ಮೇಡಂ" ಅಂದಳು. ಅವತ್ತು ಜೀಪಿನಲ್ಲಿ ವಾಪಸ್ ಬರುವಾಗ ಸೂರಮ್ಮ ಮೊಳಕಾಲ್ಮೂರಿನವರೆಗೂ ಅತ್ತಳು. ಆಮೇಲೆ ಹೋದಾಗಲೆಲ್ಲ ಅದೇ ಕುರ್ಚಿ, ಅದೇ ಮೇಡಂ.

ಇನ್ನು ಗುಟ್ಟಿಗೆ ಬರೋಣ. ಆ ಕೋಳಿಮರಿಗಳು ಏನಾದವು? ಪೀರ್ ಸಾಬ್ ಅವತ್ತು ಪೆಟ್ಟಿಗೆಗಳನ್ನೆಲ್ಲ ಜೀಪಿಗೆ ತುಂಬಿ, ಹಿಡಿಸದ್ದನ್ನು ಟಾಪಿಗೆ ಕಟ್ಟಿ, ಚಳ್ಳಕೆರೆಯ ತನ್ನ ಮನೆಗೆ ತಂದಿದ್ದ. ಹೆಂಡತಿ ಕುಲ್ಸುಮ್ ಬೀ ಬಾಗಿಲಲ್ಲೇ ತಡೆದಳು.

"ಯಾರದ್ರೀ ಇವು?"

"ಹಟ್ಟಿ ಹೆಂಗಸ್ರದು. ಅವ್ರಿಗೆ ಬೇಡಂತೆ. ಇನ್ನು ನಮ್ದೇ ಅನ್ಕೋ. ಬಿರಿಯಾನಿ ಮಾಡು, ಓಣಿಗೆಲ್ಲ ಹಂಚೋಣ!"

"ಅವ್ರ ಹೆಸರಿಗೆ ಬಂದಿದ್ದು ನಮ್ದು ಹೆಂಗಾಗುತ್ತೆ? ಇದು ಅಮಾನತ್ ಐತೆ. ಒಂದನ್ನ ಮುಟ್ಟಿದ್ರೂ ನೋಡ್ರಿ ಮತ್ತೆ."

ಅಮಾನತ್ ಅಂದರೆ ಇನ್ನೊಬ್ಬರದು, ನಮ್ಮ ಕೈಯಲ್ಲಿ ಕಾಪಾಡಲಿಕ್ಕೆ ಇರುವುದು. ಆ ಹೆಂಗಸು ಹಿತ್ತಲಿಗೆ ಜಾಲರಿ ಕಟ್ಟಿಸಿದಳು, ಮರಿ ಸಾಕಿದಳು, ಮೊಟ್ಟೆ ಮಾರಿದಳು, ಕೊನೆಗೆ ಕೋಳಿಯನ್ನೂ ಮಾರಿದಳು. ಕೋಳಿ ಅಂತೂ ಹಟ್ಟಿಗೆ ಸಲ್ಲದು, ಸಲ್ಲುವುದು ಯಾವುದು? ಕುರಿ. ಹೆಣ್ಣುಕುರಿ ಕೊಂಡು ತಳಕಿನ ಕಡೆಯ ಕುರಿಗಾಹಿ ಹನುಮಣ್ಣನ ಹತ್ತಿರ ಪಾಲಿಗೆ ಬಿಟ್ಟಳು. ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ, ಅರ್ಧ ಅಮಾನತ್ತಿಗೆ. ಒಂದು ಸಲ ರೋಗ ಬಂದು ಅರ್ಧ ಮಂದೆ ಹೋಯಿತು. ಮತ್ತೆ ಮೊದಲಿಂದ ಶುರು. ಪೀರ್ ಸಾಬ್, "ಇರೋದನ್ನ ಕೊಟ್ಬಿಡೋಣ ಕಣೇ" ಅಂದಾಗಲೆಲ್ಲ, "ಒಂದು ಮನೆಗೆ ಕೊಟ್ಟು ಇನ್ನೊಂದು ಮನೆಗೆ ಬಿಟ್ರೆ ಅದಕ್ಕೇ ರಾಜಕೀಯ ಅನ್ನೋದು. ಎಲ್ಲಾ ಮನೆಗೂ ಆಗೋವರೆಗೂ ಬಾಯಿ ಬಿಟ್ಟೀರಾ ಜೋಕೆ" ಎಂದು ಗದರಿಸುವಳು. ಸೂರಮ್ಮನಿಗೂ ಹೇಳುವಂತಿರಲಿಲ್ಲ.

ಈ ವರ್ಷ ಮಂದೆ ಸಾಕಾಯಿತು. ಹಟ್ಟಿಯ ಮನೆಗೊಂದು ಹೆಣ್ಣುಕುರಿ, ಅದರ ಕಾಲಡಿ ಒಂದು ಮರಿ. ಕುಲ್ಸುಮ್ ಬೀ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, "ಇವಾಗ ಹೋಗಿ ಹೇಳ್ರಿ" ಅಂದಳು. ಪೀರ್ ಸಾಬ್ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಗೇರ್‌ಬಾಕ್ಸನ್ನು ಹಾಗೇ ಬಿಟ್ಟು, ಗ್ರೀಸಿನ ಕೈಯಲ್ಲೇ ಸೂರಮ್ಮನ ಮನೆಗೆ ಓಡಿದ. ಅವಳು ಆಗ ತಾನೇ ಪಂಚಾಯಿತಿ ಎಲೆಕ್ಷನ್ನಿಗೆ ಅರ್ಜಿ ಹಾಕಿ ಬಂದು ಕೂತಿದ್ದಳು.

ಹೌದು, ಮಾಜಿ ಶಾಸಕಿ ಗ್ರಾಮ ಪಂಚಾಯಿತಿ ಮೆಂಬರ್ ಸ್ಥಾನಕ್ಕೆ! ಜನ ನಕ್ಕರು. ಆನೆಯಿಂದ ಇಳಿದು ಕತ್ತೆ ಹತ್ತುತ್ತಾಳೆ ಅಂದರು. ಅವಳಿಗೆ ಬೇಕಾಗಿದ್ದದ್ದು ಆನೆಯೂ ಅಲ್ಲ, ಕತ್ತೆಯೂ ಅಲ್ಲ. ಆ ವಾರ್ಡಿನಲ್ಲಿ ಹಟ್ಟಿ ಇತ್ತು, ಅಷ್ಟೇ. ತನ್ನವರು ತನ್ನನ್ನು ಮತ್ತೆ ತನ್ನವಳು ಅನ್ನಬೇಕು. ಅದನ್ನು ಕೇಳಲಿಕ್ಕೆ ರಾಜಕೀಯದವಳಿಗೆ ಓಟು ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ.

ಪೀರ್ ಸಾಬ್ ಹೇಳಿದ್ದನ್ನು ಕೇಳಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ಒರೆಸಿಕೊಂಡು ನಕ್ಕಳು. ಪೀರ್ ಸಾಬ್ ಕುಣಿಯುವುದೊಂದು ಬಾಕಿ.

"ನಡೀರಿ ಅಕ್ಕೋರೆ, ನಾಳೆನೇ ಹೊಡಕಂಡು ಹೋಗಾನ! ಬ್ಯಾಂಡ್‌ಸೆಟ್ ಹೇಳ್ತೀನಿ! ನಿಮ್ಮೆದುರು ನಿಂತಿರೋ ಆ ಮಹಾಂತೇಶನ ಠೇವಣಿ ಹೋಗ್ಲಿಲ್ಲ ಅಂದ್ರೆ ನನ್ನ ಹೆಸರು ಪೀರ್ ಸಾಬೇ ಅಲ್ಲ!"

"ಬ್ಯಾಡ ಪೀರಣ್ಣ."

"ಏನು?"

"ಓಟು ಮುಗಿಯೋವರೆಗೂ ಒಂದು ಕುರೀನೂ ಹಟ್ಟಿ ಕಡೆ ಮುಖ ಮಾಡಬಾರ್ದು. ಬಾಯಲ್ಲೂ ಬರಬಾರ್ದು. ಈಗ ಕೊಟ್ರೆ ಓಟಿಗೆ ಕುರಿ ಕೊಟ್ಳು ಅಂತಾರೆ. ಕೇಸೂ ಆಗುತ್ತೆ. ಅದು ಹೋಗ್ಲಿ, ಕುಲ್ಸುಮಕ್ಕ ಇಷ್ಟು ವರ್ಷ ಕಾಪಾಡಿದ್ದನ್ನ ನಾನು ಒಂದು ದಿನಕ್ಕೆ ಲಂಚ ಮಾಡಿಬಿಡ್ಲಾ?"

ಸರಿ, ಬೀಗದ ಮೇಲೆ ಇನ್ನೊಂದು ಬೀಗ ಬಿತ್ತು.

ಎದುರಾಳಿ ಮಹಾಂತೇಶ ಕೆಟ್ಟವನೇನಲ್ಲ. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ನಗುಮುಖದ ಹುಡುಗ, ಯಾರ ಮನೆಯ ಸಾವಿಗೂ ಮೊದಲು ಹೋಗಿ ನಿಲ್ಲುವವನು. ಆದರೆ ಅವನ ಜೊತೆಯ ಹುಡುಗರು ಸುಮ್ಮನಿರಬೇಕಲ್ಲ. ಸೂರಮ್ಮನ ಜೀಪು ಹಟ್ಟಿಯ ತಿರುವಿಗೆ ಬಂದ ಕೂಡಲೇ ಬಂಡೆಯ ಹಿಂದಿನಿಂದ "ಕೊಕ್ಕೊಕ್ಕೋ!" ಮನೆಯ ಮಾಳಿಗೆಯಿಂದ "ಕೊಕ್ಕೊಕ್ಕೋ!" ಸೂರಮ್ಮ ಕೈಮುಗಿದು ನಗುತ್ತಾ ನಡೆಯುವಳು. ಪೀರ್ ಸಾಬ್‌ನ ರಕ್ತ ಮಾತ್ರ ರೇಡಿಯೇಟರಿನ ನೀರಿನ ಹಾಗೆ ಕುದಿಯುತ್ತಿತ್ತು. ಗುಟ್ಟು ನಾಲಿಗೆಯ ತುದಿಗೆ ಬರುವುದು, ನುಂಗುವನು. ಮತ್ತೆ ಬರುವುದು, ಮತ್ತೆ ನುಂಗುವನು.

ಬಹಿರಂಗ ಪ್ರಚಾರದ ಕೊನೆಯ ಸಂಜೆ. ಹಟ್ಟಿಯ ಬೇವಿನ ಮರದ ಸುತ್ತ ಎರಡೂ ಕಡೆಯವರು ಸೇರಿಬಿಟ್ಟಿದ್ದರು. ಅಲ್ಲಿ ಟ್ರ್ಯಾಕ್ಟರಿನ ಮೇಲೆ ಅವರ ತಮಟೆ, ಇಲ್ಲಿ ಜೀಪಿನ ಮೇಲೆ ಇವನ ಮೈಕು. ಇವನು, "ನೀರು ಕೊಟ್ಟೋರಿಗೆ, ರಸ್ತೆ ಕೊಟ್ಟೋರಿಗೆ" ಅನ್ನುವುದರೊಳಗೆ ಯಾವನೋ ಒಬ್ಬ, "ಕೋಳಿ ಕೊಟ್ಟೋರಿಗೆ!" ಎಂದು ಕೂಗಿದ. ಜನ ಹೊಟ್ಟೆ ಹಿಡಿದು ನಕ್ಕರು. ಮುದುಕ ಜೋಗಪ್ಪನೂ ನಕ್ಕ.

ಪೀರ್ ಸಾಬ್ ಜೀಪಿನ ಬಾನೆಟ್ ಮೇಲೆ ಹತ್ತಿದ.

"ಲೇ! ಆ ಕೋಳಿ, ಕೋಳಿ ಅಂತೀರಲ್ಲ, ಆ ಕೋಳಿ ಈಗ ಏನಾಗೈತೆ ಗೊತ್ತೇನ್ರಲೇ? ಖುದಾ ಕಸಮ್ ಹೇಳ್ತೀನಿ ಕೇಳ್ರಿ, ಆ ಒಂದೊಂದು ಕೋಳೀನೂ ಇವತ್ತು—"

ಟಪ್! ಮೈಕು ಸತ್ತಿತು. ಸೂರಮ್ಮ ಆಂಪ್ಲಿಫೈಯರಿನ ವಯರನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಪೀರ್ ಸಾಬ್‌ನ ಬಾಯಿ ತೆರೆದೇ ಇತ್ತು. ಅವಳು ತಲೆಯಾಡಿಸಿದಳು. ಅವನು ಬಾನೆಟ್‌ನಿಂದ ಇಳಿದು, ಜೀಪಿನ ಟೈರಿಗೆ ಒದ್ದು, ಕಾಲು ನೋಯಿಸಿಕೊಂಡ.

"ಕೋಳಿ ಏನಾಗೈತಂತೆ?" ಎಂದು ಜನ ಕೇಳಿದರು. "ಸಾಬಣ್ಣ ತಿಂದು ತೇಗಿದಾನೆ, ಇನ್ನೇನಾಗುತ್ತೆ!" ಎಂದ ಯಾವನೋ. ಮತ್ತೆ ನಗು. ಎರಡೇ ಮಾತು ಹೇಳಿದ್ದರೆ ನಗುತ್ತಿದ್ದವರೆಲ್ಲ ತಮ್ಮ ಕಡೆಗೆ ತಿರುಗುತ್ತಿದ್ದರು ಎಂಬುದು ಪೀರ್ ಸಾಬ್‌ಗೆ ಗೊತ್ತಿತ್ತು. ಸೂರಮ್ಮನಿಗೂ ಗೊತ್ತಿತ್ತು.

ಎಣಿಕೆ ಮೊಳಕಾಲ್ಮೂರಿನಲ್ಲಿ. ಹೊರಗೆ ಜಾತ್ರೆಯಷ್ಟು ಜನ, ಕೈಯಲ್ಲಿ ಗುಲಾಲು, ಬಾಯಲ್ಲಿ ಕಡ್ಲೆಕಾಯಿ. ಒಳಗಿಂದ ಒಬ್ಬ ಬಂದು ಸೂರಮ್ಮ ಮುಂದೆ ಅನ್ನುವನು, ಇನ್ನೊಬ್ಬ ಬಂದು ಮಹಾಂತೇಶ ಮುಂದೆ ಅನ್ನುವನು. ಪೀರ್ ಸಾಬ್ ಒಮ್ಮೆ ಹಾರುವನು, ಒಮ್ಮೆ ಕುಕ್ಕರಿಸುವನು. ಕೊನೆಯ ಕಟ್ಟು ಬಿಚ್ಚಿದಾಗ ಮಹಾಂತೇಶ ಕೂದಲೆಳೆಯಲ್ಲಿ ಗೆದ್ದಿದ್ದ. ಅವನು ಬಂದು ಸೂರಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, "ಹಟ್ಟಿ ಬೋರ್‌ವೆಲ್ ಮೋಟ್ರು ಕೆಟ್ಟೈತೆ, ಮೊದ್ಲು ಅದು ನೋಡಪ್ಪ" ಅಂದಳು.

ಜೀಪಿನಲ್ಲಿ ಪೀರ್ ಸಾಬ್ ಸ್ಟಿಯರಿಂಗ್‌ಗೆ ಹಣೆ ಇಟ್ಟುಕೊಂಡು ಕೂತಿದ್ದ. "ಒಂದು ಮಾತು, ಅಕ್ಕೋರೆ. ಒಂದೇ ಒಂದು ಮಾತು ಹೇಳಿದ್ರೆ ಗೆದ್ದು ಬಿಡ್ತಿದ್ವಿ."

"ಗೆಲ್ತಿದ್ವಿ," ಅಂದಳು ಸೂರಮ್ಮ. "ಈಗ ಹೋಗಿ ಕುರಿ ಹೊಡಕಂಡು ಬಾ."

"ಈಗ್ಯಾಕೆ? ಕೊಕ್ಕೊಕ್ಕೋ ಅಂದೋರಿಗೆ ಕುರಿ ಬೇರೆ ಕೇಡು!"

"ಈಗಲೇ ಪೀರಣ್ಣ. ಈಗ ಯಾರೂ ಓಟಿಗೆ ಅನ್ನಂಗಿಲ್ಲ."

ಮನೆಗೆ ಹೋಗಿ ಕುಲ್ಸುಮ್ ಬೀಯ ಮುಂದೆ ಗೊಣಗಿದರೆ ಅವಳಿಂದ ಬಂದದ್ದೂ ಅದೇ ಮಾತು. "ಗೆದ್ರೆ ಒಂದು, ಸೋತ್ರೆ ಒಂದಾ ಅಮಾನತ್ತು? ಏಳ್ರಿ, ಲಾರಿ ಮಾತಾಡ್ರಿ. ನಾನೂ ಬರ್ತೀನಿ."

ತಳಕಿನಿಂದ ದೇವಸಮುದ್ರದವರೆಗೆ ಲಾರಿಯಲ್ಲಿ ತಂದ ಕುರಿಗಳನ್ನು ಅಲ್ಲಿ ಇಳಿಸಿ, ಹಟ್ಟಿಯವರೆಗೆ ನಡೆಸಿಕೊಂಡು ಹೊರಟರು. ಮುಂದೆ ಜೀಪು, ಹಿಂದೆ ಹನುಮಣ್ಣ, ನಡುವೆ ರಸ್ತೆ ತುಂಬ ಕುರಿ, ಆಕಾಶಕ್ಕೆ ಧೂಳು. ಹಟ್ಟಿಯ ತಿರುವು ಬರುತ್ತಿದ್ದಂತೆ ಪೀರ್ ಸಾಬ್ ವಯರು ಸಿಕ್ಕಿಸಿದ, ಮೈಕು ಹಿಡಿದ, ಸೂರಮ್ಮನ ಮುಖ ನೋಡಿದ. ಅವಳು, "ಹೇಳು" ಅಂದಳು.

ಅಬ್ಬಾ! ವರ್ಷಗಟ್ಟಲೆ ಕಟ್ಟಿದ್ದ ಕಟ್ಟೆ ಒಡೆಯಿತು. "ಕರೇಬಂಡೆ ಹಟ್ಟಿ ಅಕ್ಕಂದಿರೇ, ಅವ್ವಂದಿರೇ! ಅವತ್ತು ನಿಮ್ಮ ಹೆಸರಿಗೆ ಬಂದಿದ್ದ ಕೋಳಿ ಇವತ್ತು ಕುರಿ ಆಗಿ ಬಂದೈತೆ! ತಿಂದಿಲ್ಲ, ತೇಗಿಲ್ಲ! ನನ್ನ ಹೆಂಡ್ತಿ ಕುಲ್ಸುಮ್ ಬೀ ಸಾಕಿ, ಮಾರಿ, ಕುರಿ ಮಾಡಿದ್ದು! ಮನೆಗೊಂದು ಕುರಿ, ಮರಿ ಸಮೇತ! ಬಿಡಬ್ಯಾಡ್ರಿ, ಹಿಡ್ಕಳ್ರಿ, ನಿಮ್ದು ಇದು, ನಿಮ್ದು!" ಮುಗಿಸಿ, ಅದನ್ನೇ ಮತ್ತೆ ಮೊದಲಿಂದ ಕೂಗಿದ.

ಜನ ಮನೆಯಿಂದ ಹೊರಗೆ ಬಂದರು, ನಿಂತರು, ಯಾರೂ ಕುರಿ ಮುಟ್ಟಲಿಲ್ಲ.

"ಓಟು ಮುಗೀತಲ್ಲ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರೆ. ಸೋತೋಳು ಕುರಿ ಯಾಕೆ ಕೊಡ್ತಾಳೆ?" ಎಂದು ಒಬ್ಬ ಕೇಳಿದ.

"ಮುಂದಿನ ಸಲಕ್ಕೆ ಇರಬೇಕು," ಎಂದ ಇನ್ನೊಬ್ಬ.

ಜೋಗಪ್ಪ ಕೋಲೂರಿ ಮುಂದೆ ಬಂದ. "ಕೋಳಿ ದುಡ್ಡಿನ ಕುರಿ. ಮೈಲಿಗೆ ಅಲ್ಲೇನು?"

ಪೀರ್ ಸಾಬ್‌ನ ಕೈಯಿಂದ ಮೈಕು ಜಾರುವುದೊಂದು ಬಾಕಿ. ಕುಲ್ಸುಮ್ ಬೀ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಸೂರಮ್ಮ ಕುರಿಗಳ ನಡುವೆ ನಿಂತಿದ್ದಳು.

ಗುಂಪನ್ನು ಸರಿಸಿಕೊಂಡು ದುರುಗಕ್ಕ ಬಂದಳು. ಬೆನ್ನು ಬಾಗಿದೆ, ಗಂಟಲು ಬಾಗಿಲ್ಲ. ಹೊರಗಿನವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಶುರು ಮಾಡಿದಳು. "ಲೇ ಜೋಗಾ, ದುಡ್ಡಿಗೆ ಮೈಲಿಗೆ ಇದ್ದಿದ್ರೆ ನಿನ್ನ ಗುಡಿ ಹುಂಡೀನ ದಿನಾ ತೊಳೀಬೇಕಾಗಿತ್ತು. ಕೋಳಿ ಪ್ಯಾಟೆಗೆ ಹೋತು, ಕುರಿ ಹಟ್ಟಿಗೆ ಬಂತು. ಇನ್ನೇನು?" ಆಮೇಲೆ ಎಲ್ಲರ ಕಡೆಗೂ ತಿರುಗಿದಳು. "ಓಟಿಗೆ ಮುಂಚೆ ಸೀರೆ ಕೊಟ್ಟೋರನ್ನ ನೋಡೀನಿ, ದುಡ್ಡು ಕೊಟ್ಟೋರನ್ನ ನೋಡೀನಿ. ಓಟು ಹಾಕದೆ ಇದ್ದೋರ ಮನೆಗೆ ಸೋತ ಮೇಲೆ ಕುರಿ ಹೊಡಕಂಡು ಬಂದೋರನ್ನ ಯಾರಾದ್ರೂ ನೋಡೀರೇನ್ರೋ? ನಾನೂ ಇವಳಿಗೆ ಓಟು ಹಾಕಿಲ್ಲ." ಬಗ್ಗಿ, ಹತ್ತಿರದ ಕುರಿಮರಿಯೊಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಇದು ನಂದು."

ಅಷ್ಟೇ ಬೇಕಾಗಿತ್ತು. ಹಟ್ಟಿಗೆ ಹಟ್ಟಿಯೇ ಮುಗಿಬಿತ್ತು. ಕುರಿ ಅರಚಿದವು, ಹೆಂಗಸರು ನಕ್ಕರು, "ಆ ಕರೇ ಮೂತೀದು ನಂದು", "ಬಿಡೇ, ನಾನು ಮೊದ್ಲು ಹಿಡ್ದಿದ್ದು" ಅಂತ ತೆಲುಗೂ ಕನ್ನಡವೂ ಕಲೆತು ಗದ್ದಲವೋ ಗದ್ದಲ. ಕೊಕ್ಕೊಕ್ಕೋ ಕೂಗಿದ್ದ ಹುಡುಗರು ಓಡಿದ ಮರಿಗಳ ಹಿಂದೆ ಓಡುತ್ತಿದ್ದರು. ಕುಲ್ಸುಮ್ ಬೀಯನ್ನು ಹೆಂಗಸರು ಜೀಪಿನಿಂದ ಕೈಹಿಡಿದು ಇಳಿಸಿದರು.

ಯಾರೋ ಅಭ್ಯಾಸಬಲದಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಬೇವಿನ ಮರದ ಕೆಳಗೆ ಹಾಕಿದರು. ಸೂರಮ್ಮ ಅದರ ಕಡೆ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ದುರುಗಕ್ಕ ತನ್ನ ಹೊಸ್ತಿಲ ಮೇಲೆ, ಕಂಕುಳಲ್ಲಿ ಮರಿ ಹಿಡಿದುಕೊಂಡೇ, ಹಿಂತಿರುಗಿ ಕೂಗಿದಳು:

"ಲೋಪಲಿಕಿ ರಾವೇ, ಸೂರೀ!"

ಸೂರಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಪೀರ್ ಸಾಬ್ ಮೈಕು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಆ ಕುರ್ಚಿಯ ಮೇಲೆ ಕೂತುಕೊಂಡ.